ಅಪ್ಪನ ಸ್ವರ ಇದ್ದ ಹಾರ್ಡ್ ಡಿಸ್ಕ್

ಆಟಿಯ ಮಳೆ ಬಿಡದೆ ಹೊಯ್ಯುತ್ತಿದ್ದ ರಾತ್ರಿ. ಕಂಪ್ಯೂಟರಿನ ಹತ್ತಿರ 'ಲೊಚ್, ಲೊಚ್' ಅಂತ ಸದ್ದು. ಗೋಡೆಯ ಹಲ್ಲಿ ಅಂದುಕೊಂಡೆ. ಆದರೆ ಹಲ್ಲಿ ಹೀಗೆ ತಾಳ ಹಾಕಿದ ಹಾಗೆ ಲೊಚಗುಟ್ಟುವುದಿಲ್ಲ. ಸದ್ದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನದು.

ನನ್ನ ಎದೆ ಧಸಕ್ಕೆಂದಿತು. ಅಪ್ಪ ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದರು. ನೀರ್ಚಾಲು, ಬದಿಯಡ್ಕ, ಮುಳ್ಳೇರಿಯ ಕಡೆ ಯಾರ ಮನೆಯಲ್ಲಿ ಕೂಟ ಇದ್ದರೂ ಪುಟ್ಟ ಟೇಪ್ ರೆಕಾರ್ಡರ್ ಅವರ ಜೊತೆ ಹೋಗುತ್ತಿತ್ತು. ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿಯತೊಡಗಿದಾಗ ನಾನೇ ಒಂದೊಂದಾಗಿ ಎಂಪಿ3 ಮಾಡಿ ಈ ಡಿಸ್ಕಿಗೆ ಹಾಕಿದ್ದೆ. ಈಗ ಕ್ಯಾಸೆಟ್ ಇಲ್ಲ. ಅಪ್ಪನೂ ಇಲ್ಲ.

ಭಾವನಿಗೆ ಫೋನ್ ಮಾಡಿದೆ. "ಫ್ರಿಜ್ಜಿನಲ್ಲಿ ಇಟ್ಟು ನೋಡು ಭಾವ, ಸರಿಯಾಗುತ್ತದಂತೆ" ಅಂದ. ಈ ಮಾತು ತುಂಬ ಜನ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಹೇಗೆ ಬೆವರುತ್ತದೆ, ನೋಡಿದ್ದೀರಲ್ವಾ? ಡಿಸ್ಕ್ ಕೂಡ ಹಾಗೇ ಬೆವರುತ್ತದೆ. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಓದುವ ಹೆಡ್ಡು ಅದರಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ಅದಕ್ಕೆ ಧೂಳಿನ ಕಣವೂ ಬಂಡೆಗಲ್ಲೇ. ಹಾಗಾಗಿ ಲೋಹದ ಪೆಟ್ಟಿಗೆಯ ಸ್ಕ್ರೂ ಮುಟ್ಟುವುದೇ ಬೇಡ.

ಮತ್ತೆ ಮತ್ತೆ ಚುಚ್ಚಿ ತೆಗೆದು ನೋಡುವುದೂ ತಪ್ಪು. ವಿಂಡೋಸ್ 'ಸ್ಕ್ಯಾನ್ ಮಾಡಿ ಸರಿಪಡಿಸಲಾ' ಅಂತ ಕೇಳಿತು. ಬೇಡ ಅಂದೆ. ಅದು ಸರಿಪಡಿಸುವುದು ಅಂದರೆ ಸಾಯುತ್ತಿರುವ ಡಿಸ್ಕಿನ ಮೇಲೇ ಮತ್ತೆ ಬರೆಯುವುದು. ಮೊದಲು ಪ್ರತಿ ತೆಗೆಯಬೇಕು. ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ.

ಮರುದಿನ ಬೆಳಿಗ್ಗೆ ಹಳೆಯ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಪ್ಲಾಸ್ಟಿಕ್ ಕವಚ ಬಿಡಿಸಿದೆ. ಟಕ್ ಟಕ್ ಅಂತ ಕೊಂಡಿಗಳು ಬಿಟ್ಟುಕೊಂಡವು. ಒಳಗಿನ ಪುಟ್ಟ ಯುಎಸ್‌ಬಿ ಬೋರ್ಡಿನ ಪಿನ್ನುಗಳ ಬುಡದಲ್ಲಿ ಹಸಿರು ಕಿಲುಬು. ದೇವರ ಕೋಣೆಯ ಹಿತ್ತಾಳೆ ದೀಪಕ್ಕೆ ಹಿಡಿಯುತ್ತದಲ್ಲ, ಅದೇ ಬಣ್ಣ. ಕರೆಂಟು ಸರಿಯಾಗಿ ಸಿಗದೆ ಡಿಸ್ಕ್ ತಿರುಗಲು ಹೊರಟು, ನಿಂತು, ಮತ್ತೆ ಹೊರಡುತ್ತಿತ್ತು. ಆ ಬೋರ್ಡನ್ನು ಬಿಡಿಸಿ ಡಿಸ್ಕನ್ನು ಡೆಸ್ಕ್‌ಟಾಪಿನ ಒಳಗೆ ಡಿಸ್ಕ್ ಜೋಡಿಸುವ ಸಾಟಾ ಕೇಬಲಿಗೆ ನೇರ ಹಾಕಿದೆ. ಲೊಚಗುಟ್ಟುವುದು ನಿಂತಿತು! ಒಂದು ಮಾತು: ಕೆಲವು ಡಿಸ್ಕ್‌ಗಳಲ್ಲಿ ಯುಎಸ್‌ಬಿ ಕಿಂಡಿ ಡಿಸ್ಕಿನ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಕೆಲವು ಆ ಬೋರ್ಡಿನಲ್ಲೇ ಡೇಟಾವನ್ನು ಗುಪ್ತಲಿಪಿಗೆ ತಿರುಗಿಸುತ್ತವೆ. ಅಂಥವಕ್ಕೆ ಈ ದಾರಿ ಆಗುವುದಿಲ್ಲ. ಬಿಚ್ಚುವ ಮೊದಲೇ ನಿಮ್ಮ ಮಾಡೆಲ್ ಯಾವುದು ಅಂತ ನೋಡಿಕೊಳ್ಳಿ.

ಪೆನ್ ಡ್ರೈವಿನಿಂದ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದೆ. 197ನೇ ಸಾಲಿನಲ್ಲಿ 312 ಅಂತ ಇತ್ತು. ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್ (ಡೇಟಾ ಇಡುವ ಪುಟ್ಟ ಖಾನೆ) 312. ಕಿಲುಬು ಒಂದೇ ಕಾಯಿಲೆ ಅಲ್ಲ, ತಟ್ಟೆಯಲ್ಲೂ ತೊಂದರೆ ಇದೆ.

ಹೊಸ 2 ಟಿಬಿ ಡಿಸ್ಕ್ ತಂದು ಡಿಡಿರೆಸ್ಕ್ಯೂ ಓಡಿಸಿದೆ. ಇದು ಕೆಟ್ಟ ಡಿಸ್ಕಿನಿಂದ ಪ್ರತಿ ತೆಗೆಯುವ ಉಚಿತ ತಂತ್ರಾಂಶ. ಇದರ ಜಾಣತನ ನನಗೆ ತುಂಬ ಇಷ್ಟ. ಹಠ ಮಾಡುವ ಜಾಗ ಸಿಕ್ಕರೆ ಅಲ್ಲೇ ಕೂತು ಗುದ್ದಾಡುವುದಿಲ್ಲ, ದಾಟಿ ಹೋಗುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕಷ್ಟದ್ದಕ್ಕೆ ಕೊನೆಗೆ ಮರಳುತ್ತದೆ. ಎಲ್ಲಿ ಏನಾಯಿತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮಧ್ಯಾಹ್ನ ಗುಡುಗು ಜಾಸ್ತಿಯಾಗಿ ನಾನೇ ಎಲ್ಲ ನಿಲ್ಲಿಸಿ ಪ್ಲಗ್ ಕಿತ್ತಿಟ್ಟೆ. ಮ್ಯಾಪ್ ಫೈಲನ್ನು ಹೊಸ ಡಿಸ್ಕಿನಲ್ಲೇ ಇಟ್ಟಿದ್ದೆ. ಸಂಜೆ ಮತ್ತೆ ಹಚ್ಚಿದಾಗ ಬಿಟ್ಟಲ್ಲಿಂದಲೇ ಮುಂದುವರಿಯಿತು. ಡಿಸ್ಕ್ ಬಿಸಿಯಾಗದಿರಲಿ ಅಂತ ಟೇಬಲ್ ಫ್ಯಾನ್ ಇಟ್ಟಿದ್ದೆ.

ಅಮ್ಮ ಗಂಟೆಗೊಮ್ಮೆ ಬಾಗಿಲಲ್ಲಿ ನಿಂತು "ಸಿಕ್ಕಿತ್ತೋ?" ಅಂತ ಕೇಳುತ್ತಿದ್ದರು.

ಎರಡನೆಯ ದಿನ ರಾತ್ರಿಯ ಹೊತ್ತಿಗೆ ಹಳೆಯ ಡಿಸ್ಕಿನ 1 ಟಿಬಿಯಲ್ಲಿ ಒಂದು ಎಂಬಿಗಿಂತ ಕಡಿಮೆ ಮಾತ್ರ ಸಿಗದೆ ಉಳಿಯಿತು. ಅಪ್ಪನ ಫೈಲುಗಳಲ್ಲಿ ಪೆಟ್ಟು ಬಿದ್ದದ್ದು ಮೂರಕ್ಕೆ. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3ಯಲ್ಲಿ 4096 ಬೈಟಿನ ಒಂದು ಸೆಕ್ಟರ್ ಹೋದರೆ ಹೋಗುವುದು ಸುಮಾರು ಕಾಲು ಸೆಕೆಂಡು.

ಅಮ್ಮನನ್ನು ಕೂರಿಸಿ ಅಂಥದ್ದೊಂದನ್ನೇ ಹಾಕಿದೆ. ಅಪ್ಪನದು ವಾಲಿ. ಬಾಣ ತಾಗಿ ಬಿದ್ದವನು ರಾಮನನ್ನು ಪ್ರಶ್ನೆ ಕೇಳುತ್ತಿದ್ದಾನೆ. ಹಿಂದೆ ಯಾರೋ ಕೆಮ್ಮುತ್ತಾರೆ, ಲೋಟದ ಸದ್ದು. "ಮರೆಯಲ್ಲಿ ನಿಂತು" ಅಂದ ಮೇಲೆ ಚಿಟ್ ಅಂತ ಒಂದು ತುಂಡು ಇಲ್ಲ. ಮತ್ತೆ ಅಪ್ಪನ ಸ್ವರ.

"ಅಲ್ಲಿ ಅವರು ಯಾವಾಗಲೂ ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು" ಅಂದರು ಅಮ್ಮ.

ಹಳೆಯ ಡಿಸ್ಕನ್ನು ಮತ್ತೆ ತಿರುಗಿಸಿಲ್ಲ. ಇನ್ನೊಂದು ಪ್ರತಿ ಮಾಡಿಟ್ಟಿದ್ದೇನೆ. ಬರುವ ಭಾನುವಾರ ಅಕ್ಕ ಮಂಗಳೂರಿಗೆ ತೆಗೆದುಕೊಂಡು ಹೋಗುತ್ತಾಳೆ.