ಜನಾನೇ ಇಲ್ಲದ ಬುಲ್‌ಫ್ರಾಗ್ ಕೌಂಟಿ ಕಡೆಗೊಂದು ಡ್ರೈವ್

ಲಾಸ್ ವೇಗಸ್‌ಗೆ ಹೋದೋರೆಲ್ಲ ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೋಗ್ತಾರೆ, ನಾನೂ ನಮ್ ಭಾವನೂ 95ನೇ ಹೈವೇ ಹಿಡಿದು ವಾಯವ್ಯಕ್ಕೆ ಹೊರಟ್ವಿ. ಸಿಟಿ ದಾಟಿದ್ಮೇಲೆ ಬರೀ ಮರುಭೂಮಿ, ಮೊಣಕಾಲೆತ್ತರದ ಬೂದು ಪೊದೆಗಳು, ರಸ್ತೆ ಅಂಚಲ್ಲಿ ಹರಿದ ಲಾರಿ ಟೈರ್ ಚೂರುಗಳು ಅಷ್ಟೇ. ಅಮಾರ್ಗೋಸಾ ವ್ಯಾಲಿ ಹತ್ರ ಕಾರ್ ನಿಲ್ಸಿ ಉತ್ತರಕ್ಕೆ ನೋಡಿದ್ರೆ ದೂರದಲ್ಲಿ ಉದ್ದಕ್ಕೆ ಮಲಗಿರೋ ಕಂದು ದಿಣ್ಣೆ, ಅದೇ ಯುಕ್ಕಾ ಮೌಂಟನ್. "ಇದನ್ನ ನೋಡೋಕಾ ಇಷ್ಟು ದೂರ ಕರ್ಕೊಂಡ್ ಬಂದೆ?" ಅಂದ್ರು ಭಾವ.

ವಿಷ್ಯ ಏನಂದ್ರೆ, 1987ರಲ್ಲಿ ನೆವಾಡಾ ರಾಜ್ಯ ಸರ್ಕಾರ ಈ ಬೆಟ್ಟದ ಸುತ್ತ 144 ಚದರ ಮೈಲಿ ಜಾಗಾನ ನೈ ಕೌಂಟಿಯಿಂದ (ಕೌಂಟಿ ಅಂದ್ರೆ ನಮ್ ಜಿಲ್ಲೆ ಥರ) ಕಿತ್ಕೊಂಡು ಬುಲ್‌ಫ್ರಾಗ್ ಅಂತ ಹೊಸ ಕೌಂಟಿ ಮಾಡಿಬಿಡ್ತು, ಜನಸಂಖ್ಯೆ ಸೊನ್ನೆ! ಒಂದು ಮನೆ ಇಲ್ಲ, ಟಾರ್ ರೋಡೂ ಇಲ್ಲ. ಕೇಂದ್ರ ಸ್ಥಾನ ಬೇರೆ 270 ಮೈಲಿ ದೂರದ ಕಾರ್ಸನ್ ಸಿಟಿ, ಕಮಿಷನರ್‌ಗಳನ್ನ ನೇಮಿಸೋದು ಗವರ್ನರ್ರು, ಓಟು ಹಾಕೋಕೆ ಯಾರಾದ್ರೂ ಇದ್ರೆ ತಾನೇ.

ಕೇಳೋಕೆ ಹುಚ್ಚಾಟ ಅನ್ಸುತ್ತೆ, ನನಗೆ ಮಾತ್ರ ಪಕ್ಕಾ ಲೆಕ್ಕಾಚಾರ ಅನ್ಸೋದು. ದೇಶದ ಅಣುತ್ಯಾಜ್ಯ ಹೂಳೋಕೆ ಆಗ ನೋಡ್ತಿದ್ದ ಜಾಗಗಳಲ್ಲಿ ಯುಕ್ಕಾ ಮೌಂಟನ್ನೂ ಒಂದು, ಅದು ಇಲ್ಲಿಗೇ ಬಂದ್ರೆ ಕೇಂದ್ರ ಸರ್ಕಾರ ಆಸ್ತಿ ತೆರಿಗೆ ಬದಲು ಕೊಡೋ ದುಡ್ಡು ಲೋಕಲ್ ಕೌಂಟಿಗೆ ಹೋಗ್ತಿತ್ತು, ಆ ಕೌಂಟಿನೇ ರಾಜ್ಯದ ಕೈಲಿದ್ರೆ ದುಡ್ಡೂ ಅಲ್ಲಿಗೇ. ತೆರಿಗೆ ದರಾನೂ ಜಾಸ್ತಿ ಇಟ್ರು, ತ್ಯಾಜ್ಯ ತರೋರಿಗೆ ಅಷ್ಟು ದುಬಾರಿ ಆಗ್ಲಿ ಅಂತ.

ನೈ ಕೌಂಟಿಯವ್ರು ಸುಮ್ನಿರ್ತಾರಾ, ಕೋರ್ಟಿಗೆ ಹೋದ್ರು. ಅಲ್ಲಿ ಎದ್ದ ತಲೆನೋವು ಇನ್ನೂ ಮಜಾ, ಬುಲ್‌ಫ್ರಾಗ್‌ನಲ್ಲಿ ಯಾರಾದ್ರೂ ಕೊಲೆ ಮಾಡಿದ್ರೆ ತೀರ್ಪು ಹೇಳೋಕೆ ಅದೇ ಕೌಂಟಿಯ ಸಾಮಾನ್ಯ ಜನರನ್ನ ಜ್ಯೂರಿಯಾಗಿ ಕೂರಿಸ್ಬೇಕು, ಎಲ್ಲಿಂದ ತರೋದು? 1988ರಲ್ಲಿ ಇದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಬಂತು, 1989ರಲ್ಲಿ ಕೌಂಟಿ ರದ್ದಾಗಿ ಜಾಗ ವಾಪಸ್ ನೈಗೇ ಸೇರ್ತು. ಈ ಮಧ್ಯೆ 1987ರ ಡಿಸೆಂಬರ್‌ನಲ್ಲೇ ಅಮೆರಿಕದ ಸಂಸತ್ತು ಬೇರೆ ಜಾಗ ಬಿಟ್ಟು ಯುಕ್ಕಾ ಒಂದನ್ನೇ ಪರೀಕ್ಷೆ ಮಾಡಿ ಅಂದಿತ್ತು, ಆಮೇಲೆ ಬೆಟ್ಟದೊಳಗೆ 5 ಮೈಲಿ ಸುರಂಗಾನೂ ಕೊರೆದ್ರು, ತ್ಯಾಜ್ಯ ಮಾತ್ರ ಇವತ್ತಿಗೂ ಬಂದಿಲ್ಲ.

ಹತ್ರ ಹೋಗೋಕೆ ಬಿಡಲ್ಲ, ಸರ್ಕಾರಿ ಜಾಗ. ಬುಲ್‌ಫ್ರಾಗ್ ಅನ್ನೋ ಹೆಸ್ರು ಬಂದಿದ್ದು ಬೀಟ್ಟಿ ಅನ್ನೋ ಊರಿನ ಪಕ್ಕದ ಹಳೇ ಚಿನ್ನದ ಗಣಿ ಪ್ರದೇಶದಿಂದ, 1904ರಲ್ಲಿ ಅಲ್ಲಿ ಚಿನ್ನ ಸಿಕ್ಕಿತ್ತು. ಅಲ್ಲಿನ ಪಾಳು ಊರು ರಯೋಲೈಟ್‌ಗೆ ಆರಾಮಾಗಿ ಹೋಗ್ಬಹುದು, ಮೇಲ್ಛಾವಣಿ ಇಲ್ದಿರೋ ಬ್ಯಾಂಕ್ ಗೋಡೆ, ಬಾಟ್ಲಿಗಳಲ್ಲೇ ಕಟ್ಟಿದ ಮನೆ ನೋಡ್ಕೊಂಡು ಬನ್ನಿ. ಪೆಟ್ರೋಲು, ನೀರು ಬೀಟ್ಟಿಯಲ್ಲೇ ತುಂಬಿಸ್ಕೊಳ್ಳಿ, ಅಲ್ಲಿ ಕಾಡುಕತ್ತೆಗಳು ರಸ್ತೆ ಮಧ್ಯಾನೇ ನಿಂತಿರ್ತವೆ, ಸ್ವಲ್ಪ ನಿಧಾನ.