ಎಲೆ ಹಿಡಿಯುವ ಕೈ

ಅಪ್ಪಚ್ಚಿಗೆ (ನಮ್ಮ ಮನೆಮಾತಿನಲ್ಲಿ ಚಿಕ್ಕಪ್ಪನಿಗೆ ಹಾಗನ್ನುತ್ತೇವೆ) ಸ್ಟ್ರೋಕ್ ಆಗಿ ಎರಡು ವರ್ಷ ಆಯಿತು. ಕಾಸರಗೋಡಿನ ಬದಿಯಡ್ಕದಿಂದಲೂ ಒಳಗೆ ತೋಟದ ಮನೆ. ಗಡ್ಡೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯ ಒಳಗೆ ಸಿಗಬೇಕು, ನಾವು ಮಂಗಳೂರಿಗೆ ಮುಟ್ಟುವಾಗ ಹೊತ್ತು ಮೀರಿತ್ತು. ಮಿದುಳಿನ ಬಲಭಾಗಕ್ಕೆ ಪೆಟ್ಟು, ಹಾಗಾಗಿ ಎಡಗೈ ಹೋಯಿತು. ನೋಡಲು ಬಂದವರೆಲ್ಲ ‘ಬಲಗೈ ಉಳಿಯಿತಲ್ಲ, ಪುಣ್ಯ’ ಅಂದರು. ಅಪ್ಪಚ್ಚಿಗೆ ಸಿಟ್ಟು. ಸುಣ್ಣ ಹಚ್ಚುವುದು ಬಲಗೈ, ಸರಿ, ಎಲೆ ಹಿಡಿಯುವುದು ಯಾವ ಕೈ? (ಹೊಗೆಸೊಪ್ಪು ಬಿಟ್ಟಿದ್ದಾರೆ. ಡಾಕ್ಟರು ಅಡಕೆಯನ್ನೂ ಬಿಡಿ ಅಂದಿದ್ದರು, ಅಡಕೆ ಬೆಳೆಯುವವರ ಹತ್ತಿರ!)

ಮೊದಮೊದಲು ಆಕಳಿಸಿದರೆ ಸಾಕು, ಆ ಕೈ ತಾನಾಗಿ ಮೇಲೇಳುತ್ತಿತ್ತು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಆಮೇಲೆ ‘ಎತ್ತಿ’ ಅಂದರೆ ಏನೂ ಇಲ್ಲ. ಸ್ಟ್ರೋಕ್ ಆದ ಕೆಲವರಿಗೆ ಹೀಗಾಗುತ್ತದಂತೆ, ಆಕಳಿಕೆಯ ದಾರಿ ಬೇರೆ, ಮನಸ್ಸಿನ ಅಪ್ಪಣೆಯ ದಾರಿ ಬೇರೆ.

ನಾನು ಮಾಡಿದ ದಡ್ಡತನ ಅಂದ್ರೆ ಆನ್‌ಲೈನಿನಲ್ಲಿ ಗಾಳಿ ತುಂಬುವ ಗ್ಲೌಸು ತರಿಸಿದ್ದು. ಸ್ವಿಚ್ ಹಾಕಿದರೆ ಅದು ಬೆರಳುಗಳನ್ನು ಮುಚ್ಚಿ ಬಿಡಿಸುತ್ತದೆ, ನೋಡಲು ಚೆಂದ. ಗಂಟು ಬಿಗಿಯಾಗದಂತೆ ನೋಡಿಕೊಳ್ಳಲು ಪರವಾಗಿಲ್ಲ. ಆದರೆ ‘ಕೆಲಸ ಮಿಷನು ಮಾಡ್ತು, ಆನು ಟೀವಿ ನೋಡ್ತೆ’ ಅಂತ ಅಪ್ಪಚ್ಚಿಯೇ ಹೇಳಿದರು, ಅದೇ ಅದರ ದೋಷ. ಮಿದುಳು ಹೊಸ ದಾರಿ ಹುಡುಕಬೇಕಾದರೆ ತಾನೇ ಪ್ರಯತ್ನಪಡಬೇಕು, ಅದೂ ಸಾವಿರ ಸಲ.

ಫಿಸಿಯೋಥೆರಪಿಯವರು ಮಲಯಾಳಿ. ಕೈಗೆ ಅವರೂ ಕೈ ಅಂತಲೇ ಅನ್ನುತ್ತಾರೆ, ಬೆರಳಿಗೆ ವಿರಲ್, ಅಷ್ಟರಲ್ಲೇ ಸಾಗುತ್ತದೆ. ಅವರು ಹೇಳಿದ ಒಂದು ಮಾತು ನನಗೆ ಮೊದಲೇ ಗೊತ್ತಿದ್ದರೆ ಗ್ಲೌಸಿನ ದುಡ್ಡು ಉಳಿಯುತ್ತಿತ್ತು: ಮುಷ್ಟಿ ಕಟ್ಟುವ ಬಲ ಜಾಸ್ತಿಯೇ ಇದೆ, ಬಿಡಿಸುವ ಬಲ ಇಲ್ಲ. ಮೊಣಕೈ ಕೆಳಗೆ, ಹೊರಬದಿಗೆ ಎರಡು ಪ್ಯಾಡ್ ಅಂಟಿಸಿ ಸಣ್ಣ ಕರೆಂಟು ಕೊಟ್ಟರು. ಮಣಿಕಟ್ಟು ಎದ್ದು ಬೆರಳು ಬಿಚ್ಚಿಕೊಂಡವು. ಇದಕ್ಕೆ ಎಫ್‌ಇಎಸ್ ಅನ್ನುತ್ತಾರೆ, ಕರೆಂಟು ಬರುವ ಹೊತ್ತಿಗೇ ತಾನೂ ಬಿಡಿಸಲು ನೋಡಬೇಕು, ಸುಮ್ನೆ ಕೂತರೆ ಇದೂ ಗಾಳಿ ಗ್ಲೌಸೇ. ನೆರೆಮನೆಯ ಹುಡುಗ ಬೈಕಿನಿಂದ ಬಿದ್ದು ಕೈ ಸೋತಿದೆ, ಅವನಿಗೂ ಇದನ್ನೇ ಹಾಕಬಹುದಲ್ವಾ ಅಂತ ಕೇಳಿದೆ. ಆಗುವುದಿಲ್ಲ. ಅವನಿಗೆ ಕುತ್ತಿಗೆಯ ಹತ್ತಿರ ನರದ ಬುಡವೇ ಕಿತ್ತುಬಂದಿದೆ. ಅಪ್ಪಚ್ಚಿಗೆ ಮಿದುಳಿನಲ್ಲಿ ತೊಂದರೆ, ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ತಂತಿ ಗಟ್ಟಿಯಾಗಿದೆ. ಆ ತಂತಿ ಇದ್ದರೆ ಮಾತ್ರ ಕರೆಂಟಿಗೆ ಕೆಲಸ.

ದೊಡ್ಡ ಉಪಕರಣಗಳೂ ಇವೆ. ಅಮೆರಿಕದ ಎಂಐಟಿಯಲ್ಲಿ ಶುರುವಾದ ಮಯೋಪ್ರೋ ತೋಳಿಗೆ ಕಟ್ಟುವ ಮೋಟಾರು ಪಟ್ಟಿ. ಶಾಕ್ ಕೊಡುವುದಿಲ್ಲ, ಸ್ನಾಯುವಿನಲ್ಲಿ ಉಳಿದಿರುವ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿಂದ ಓದಿ ಮೋಟಾರು ತಿರುಗಿಸುತ್ತದೆ. ಅಷ್ಟಾದರೂ ಉಳಿದಿರಬೇಕು. ಬೆಂಗಳೂರಿನ ಐಐಎಸ್‌ಸಿಯ ಭೌತಶಾಸ್ತ್ರದವರು 2022ರಲ್ಲಿ ತ್ರೀಡಿ ಪ್ರಿಂಟ್ ಮಾಡಿದ ಗ್ಲೌಸು ತೋರಿಸಿದ್ದರು, ಫಿಸಿಯೋಥೆರಪಿಯವರು ದೂರದಿಂದಲೇ ನಡೆಸಬಹುದಾದದ್ದು. ಪೇಟೆಗೆ ಹೋಗಿಬರಲು ಅರ್ಧ ದಿನ ಕಳೆಯುವ ನಮ್ಮಂಥವರಿಗೆ ಬೇಕಾದದ್ದು ಅಂಥದ್ದು.

ಸದ್ಯಕ್ಕೆ ಸ್ಪ್ರಿಂಗಿನ ಗ್ಲೌಸು. ಅಪ್ಪಚ್ಚಿ ಮುಷ್ಟಿ ಕಟ್ಟುತ್ತಾರೆ, ಸ್ಪ್ರಿಂಗು ಬಿಡಿಸುತ್ತದೆ. ಬ್ಯಾಟರಿ ಇಲ್ಲ. ಹಾಕಿಕೊಳ್ಳಲು ಮಾತ್ರ ಚಿಕ್ಕಮ್ಮ ಬೇಕು, ಒಂದು ಕೈಯವರಿಗೆ ಮಾಡಿದ ವಸ್ತುವಿಗೆ ಮೂರು ಕೈ! ಮಳೆಗಾಲದಲ್ಲಿ ಒಣಗದೆ ವಾಸನೆ ಬೇರೆ.

ಮೊನ್ನೆ ಆ ಅಂಗೈ ಮೇಲೆ ಎಲೆ ಇಟ್ಟು ಸುಣ್ಣ ಹಚ್ಚಿದರು. ಮಡಚುವಾಗ ಬಿತ್ತು. ಚಿಕ್ಕಮ್ಮ ಹೆಕ್ಕಿಕೊಡಲು ಬಗ್ಗಿದರೆ ಬೇಡ ಅಂದು ತಟ್ಟೆಯಿಂದ ಇನ್ನೊಂದು ಎಲೆ ತೆಗೆದರು.