ಗದಗಿನ ತಬಲಾ ಮಾಸ್ತರು

ಗದಗಿನಲ್ಲಿ ವೀರನಾರಾಯಣ ಗುಡಿ ನೋಡಿದೆವು. ತ್ರಿಕೂಟೇಶ್ವರದ ಕಂಬಗಳನ್ನು ನೋಡಿದೆವು. ಗಿರ್ಮಿಟ್, ಮಿರ್ಚಿ ತಿಂದೆವು, ಅಂಥ ರುಚಿ ಬೆಂಗಳೂರಿನಲ್ಲಿ ಸಿಗುವುದಿಲ್ಲ. ಆದರೆ ನಾನು ಬರೆಯಲು ಕೂತದ್ದು ಅಂಧ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಬಗ್ಗೆ.

ಅಣ್ಣನ ಮಗನಿಗೆ ರೆಟಿನಾದ ಕಾಯಿಲೆ. ದೃಷ್ಟಿ ಕಮ್ಮಿಯಾಗುತ್ತಲೇ ಹೋಗುತ್ತದೆ, ವಾಸಿ ಮಾಡುವುದು ಕಷ್ಟ ಎಂದು ಡಾಕ್ಟರ್ ಹೇಳಿದ ದಿನದಿಂದ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅಣ್ಣನಂತೂ ಸುಮ್ನೆ ಗೋಡೆ ನೋಡುತ್ತಾ ಕೂರುತ್ತಿದ್ದ. ಅವನನ್ನು ಎಬ್ಬಿಸಿ ಹೊರಡಿಸಿದೆ.

ಊರೊಳಗೇ ಬಿಡುತ್ತೇವೆ ಎಂದಿದ್ದ ಸ್ಲೀಪರ್ ಬಸ್ಸಿನವರು ನಸುಕಿನಲ್ಲಿ ಬೈಪಾಸ್ ಪಕ್ಕ ಇಳಿಸಿ ಹೋದರು. ಒಂದು ಆಟೋ ಇಲ್ಲ. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ನೀವು ಹಂಪಿ ಎಕ್ಸ್‌ಪ್ರೆಸ್ ಹಿಡಿಯಿರಿ, ಗದಗ ಸ್ಟೇಷನ್ನಿನಲ್ಲೇ ಇಳಿಯಬಹುದು.

ಈ ಆಶ್ರಮ ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. 1944ರಲ್ಲಿ ಅವರು ತೀರಿಕೊಂಡ ಮೇಲೆ ಇದನ್ನು ನಡೆಸಿದ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ನಾಟಕ ಕಂಪನಿ ಕಟ್ಟಿ ಊರೂರು ಸುತ್ತಿದರು. ಅಂಧ ಮಕ್ಕಳಿಗೆ, ಅನಾಥ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದರು. 2010ರಲ್ಲಿ ತೀರಿಕೊಳ್ಳುವವರೆಗೂ ಅವರದ್ದು ಅದೇ ಕೆಲಸ. ಗಾಯಕ ವೆಂಕಟೇಶ್ ಕುಮಾರ್ ಕಲಿತದ್ದೂ ಇಲ್ಲೇ.

ಒಳಗೆ ಒಂದು ಕಡೆ ಹಾರ್ಮೋನಿಯಂ, ಇನ್ನೊಂದು ಕಡೆ ತಬಲಾ. ಹುಡುಗರು ತಪ್ಪಿದರೆ ತಾವೇ ನಕ್ಕು ಮತ್ತೆ ಶುರು ಮಾಡುತ್ತಿದ್ದರು. ಅಣ್ಣ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಪಕ್ಕದಲ್ಲಿದ್ದ ವಯಸ್ಸಾದ ತಬಲಾ ಮಾಸ್ತರು ಮಾತಿಗೆಳೆದರು. ಅವರಿಗೂ ಹುಟ್ಟಿನಿಂದ ಕಾಣುವುದಿಲ್ಲ. ಅಣ್ಣ ಎಲ್ಲ ಹೇಳಿಕೊಂಡ.

"ಹುಡುಗನ್ನ ಯಾಕ ಕರಕೊಂಡ ಬರಲಿಲ್ಲರಿ?"

"ಇಲ್ಲಿನ ಮಕ್ಕಳನ್ನ ನೋಡಿ ಹೆದರುತ್ತಾನೇನೋ ಅಂತ..."

"ಹೆದರಿದಾವ್ರು ನೀವು" ಎಂದರು, ಮೆಲ್ಲಗೆ. "ಸ್ವಲ್ಪ ಕಾಣ್ತದ ಅಂದ್ರಲ್ಲ? ಹಂಗಾರ ಈಗಲೇ ಬ್ರೈಲ್ ಕಲಸ್ರಿ. ಪೂರಾ ಕತ್ತಲಾಗೂತನಕ ಕಾಯಬ್ಯಾಡ್ರಿ. ಕೋಲು ಹಿಡದು ಅಡ್ಡಾಡೂದೂ ಈಗಲೇ ಕಲೀಲಿ."

"ಅವನಿಗೆ ಸಂಗೀತ ಬರಲ್ಲ ಸರ್."

"ಬರದಿದ್ರ ಬ್ಯಾಡ ಬಿಡ್ರಿ. ಅವಗ ಏನು ಇಷ್ಟ?"

ಅಣ್ಣ ಸುಮ್ಮನಾದ. ಗಣಿತ ಅಂದರೆ ಜೀವ ಎಂದು ನಾನೇ ಹೇಳಿದೆ.

"ಮತ್ತ ಗಣಿತ ಓದಸ್ರಿ. ಇನ್ನೊಂದು ಮಾತು, ಅವನ ಮುಂದ ದನಿ ಸಣ್ಣ ಮಾಡಿ ಮಾತಾಡಬ್ಯಾಡ್ರಿ. ನಮಗ ಎಲ್ಲಾ ಕೇಳಸ್ತದ."

ದೊಡ್ಡ ಆಸ್ಪತ್ರೆಗಳಲ್ಲಿ ಇಷ್ಟು ಸರಳವಾಗಿ ಯಾರೂ ನಮಗೆ ದಾರಿ ಹೇಳಿರಲಿಲ್ಲ.

ಅಣ್ಣ ಅಲ್ಲಿಂದಲೇ ಅತ್ತಿಗೆಗೆ ಫೋನ್ ಮಾಡಿದ. ಬ್ರೈಲ್ ಎಲ್ಲಿ ಕಲಿಸುತ್ತಾರೆ ವಿಚಾರಿಸು ಎಂದ. ಆಮೇಲೆ, "ಫೋನ್ ಅವನ ಕೈಗೆ ಕೊಡು, ನಾನೇ ಹೇಳ್ತೀನಿ" ಎಂದ.